ಡ್ರಾಯಿಂಗ್ ಮೇಷ್ಟ್ರ ಹನ್ನೊಂದು ಕಾರುಗಳು

ನಮ್ಮ ಸೋದರಮಾವ ಹನ್ನೊಂದು ಕಾರುಗಳ ಒಡೆಯರು. ನ್ಯಾಮತಿಯಂಥ ಊರಿನಲ್ಲಿ ಹನ್ನೊಂದು ಕಾರು! ಹೀಗೆಂದ ಕೂಡಲೇ ನೀವು ಅವರನ್ನು ಯಾರೋ ಭಾರಿ ಸಾಹುಕಾರರೆಂದು ತಿಳಿದು, ಮಗಳ ಮದುವೆಗೆ ಒಂದು ಕಾರು ಕೇಳೋಣವೆಂದು ಹೊರಟುಬಿಟ್ಟೀರಿ. ಸ್ವಲ್ಪ ತಡೆಯಿರಿ. ಈ ಹನ್ನೊಂದರಲ್ಲಿ ಒಂದೂ ಓಡುವುದಿಲ್ಲ. ಯಾಕೆಂದರೆ ಒಂದೂ ಪೂರ್ತಿಯಾಗಿಲ್ಲ! ಒಂದರ ಬಾಗಿಲು, ಇನ್ನೊಂದರ ದೀಪ, ಮತ್ತೊಂದರ ಹಿಂದಿನ ಸೀಟು, ಮಗದೊಂದರ ಹಾರನ್ನು, ಹೀಗೆ ಹನ್ನೊಂದು ಹಳೇ ಕಾರುಗಳ ಒಂದೊಂದು ಅಂಶ ಅವರ ಮನೆಯಲ್ಲಿ ನೆಲೆಸಿದೆ. "ಅಂಶ ಇದ್ರೆ ಆತು, ಕಾರು ಇದ್ದಂಗೇ" ಎನ್ನುವುದು ಅವರ ಸಿದ್ಧಾಂತ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ.

ಮಾವ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೇರೆ ಮೇಷ್ಟ್ರುಗಳು ಮಕ್ಕಳ ಕೈಲಿ ಮಾವಿನಹಣ್ಣು, ಹೂಕುಂಡ ಬರೆಸಿದರೆ ಇವರು ಹಳೇ ಕಾರಿನ ಮುಖ ಬರೆಸುತ್ತಿದ್ದರು. "ಆಗಿನ ಕಾರಿಗೆ ಮುಖ ಇತ್ತು ಕಣಪ್ಪಾ. ಕಣ್ಣು, ಮೂಗು, ಬಾಯಿ, ಎಲ್ಲಾ. ಈಗಿನವಕ್ಕೆ ಬರೀ ಸಿಟ್ಟು ಐತೆ, ಮುಖ ಇಲ್ಲ" ಎಂದು ನನ್ನ ಹೊಸ ಕಾರಿನ ಎದುರಿಗೇ ಹೇಳಿದ್ದರು. ಅವತ್ತಿನಿಂದ ನನಗೂ ಅದು ಸಿಟ್ಟು ಮಾಡಿಕೊಂಡಂತೆಯೇ ಕಾಣುತ್ತದೆ!

ಅವರ ಮನೆಗೆ ಹೋದರೆ ಮೊದಲು ಎದುರಾಗುವುದು ರಬ್ಬರ್ ಉಂಡೆಯ ಹಾರನ್ನು. ಕಾಲಿಂಗ್ ಬೆಲ್ ಇರಬೇಕಾದ ಜಾಗದಲ್ಲಿ ಅದನ್ನು ಜಡಿದಿದ್ದಾರೆ. ಒತ್ತಿದರೆ "ಪೋಂ" ಎಂದು ಬೀದಿಯೆಲ್ಲ ಕೇಳುತ್ತದೆ. ಐಸ್‌ಕ್ರೀಮ್ ಗಾಡಿ ಬಂತೆಂದು ಓಣಿಯ ಮಕ್ಕಳೆಲ್ಲ ಓಡಿಬರುತ್ತಾರೆ. ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸಲು ಅತ್ತೆಗೆ ಮನಸ್ಸು ಬಾರದು. ಹೀಗಾಗಿ ಆ ಮನೆಗೆ ನೆಂಟರು ಹೆಚ್ಚಾದಷ್ಟೂ ಚಕ್ಕುಲಿ ಡಬ್ಬಿ ಬೇಗ ಖಾಲಿಯಾಗುತ್ತದೆ, ನೆಂಟರಿಗೆ ಮಾತ್ರ ಒಂದೂ ಸಿಗುವುದಿಲ್ಲ.

ಬಚ್ಚಲುಮನೆಯದು ಇನ್ನೊಂದು ಕಥೆ. ಅಲ್ಲಿನ ಬಾಗಿಲು ಗೆದ್ದಲು ಹಿಡಿದು ಬಿದ್ದಾಗ ಮಾವ ಬಡಗಿಯನ್ನು ಕರೆಸಲಿಲ್ಲ. ಕೆಳಗೆ ತಗಡು ಹೊಡೆದು, ಮೇಲೆ ಕಾರಿನ ಬಾಗಿಲು ಕೂರಿಸಿದರು. ಗಾಜಿಗೆ ಕಪ್ಪು ಬಣ್ಣ ಬಳಿದರು. ಒಮ್ಮೆ ಸಂತೇಬೆನ್ನೂರಿನಿಂದ ಬಂದ ಬೀಗರೊಬ್ಬರು ಸ್ನಾನಕ್ಕೆ ಇಳಿದು ಸೋಪು ಕೇಳಿದರು.

"ಗ್ಲಾಸು ಇಳಿಸ್ರಿ, ಕೊಡ್ತೀನಿ" ಎಂದರು ಮಾವ.

ಬೀಗರು ಹಿಡಿಕೆ ತಿರುಗಿಸಿದರು. ಗ್ಲಾಸು ಇಳಿಯಿತು, ಸೋಪು ಒಳಗೆ ಹೋಯಿತು. ಗ್ಲಾಸು ಮತ್ತೆ ಏರಲಿಲ್ಲ! ಆ ಮನುಷ್ಯ ಹಂಡೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಸ್ನಾನ ಮುಗಿಸಬೇಕಾಯಿತು. ಮಾವ ಹೊರಗೆ ಬೆನ್ನು ತಿರುಗಿಸಿ ನಿಂತು ಧೈರ್ಯ ಹೇಳುತ್ತಿದ್ದರು: "ಗಾಬರಿ ಆಗಬ್ಯಾಡ್ರಿ. ವಯಸ್ಸಾದ ಗಾಡಿಗೆ ಇದೊಂದು ಇದ್ದದ್ದೇ!"

ಇಂಥವರ ಕಿವಿಗೆ ಚನ್ನಗಿರಿಯಲ್ಲಿ ಹಳೇ ಕಾರುಗಳ ಹರಾಜು ಎಂಬ ಸುದ್ದಿ ಬಿದ್ದರೆ ಏನಾಗಬೇಡ? ಅಲ್ಲಿನ ಕರಿಬಸಪ್ಪ ಮಿಸ್ತ್ರಿ ಕಾರು ರಿಪೇರಿಯ ಶೆಡ್ಡು ಮುಚ್ಚುತ್ತಾರಂತೆ, ನಲವತ್ತು ವರ್ಷದಿಂದ ಕೂಡಿಟ್ಟ ಹಳೇ ಗಾಡಿ, ಬಿಡಿಭಾಗ ಎಲ್ಲವನ್ನೂ ಭಾನುವಾರ ಹರಾಜಿಗೆ ಇಡುತ್ತಾರಂತೆ. ಹೊನ್ನಾಳಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಮಾವನ ಫೋನು ಬಂತು.

"ಅಳಿಯಾ, ಭಾನುವಾರ ಅಂಗಡಿ ಬಂದ್. ಕಾರು ತಗಂಡು ಬಾ."

"ನನ್ನ ಅಂಗಡಿ ಬಂದ್ ಅಂತ ನೀವು ಹೆಂಗೆ ಹೇಳ್ತೀರಿ ಮಾವ?"

"ಒಂದಿನ ಜನ ಆರೋಗ್ಯವಾಗಿ ಇರ್ಲಿ ಬಿಡಪ್ಪಾ!"

ಭಾನುವಾರ ಬೆಳಿಗ್ಗೆ ನ್ಯಾಮತಿಗೆ ಹೋದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಾವನಿಗೆ ಹೇಳಿ ಪ್ರಯೋಜನವಿಲ್ಲವೆಂದು ನನಗೇ ಹೇಳಿದರು: "ನೋಡಪ್ಪಾ, ತೊಡೆ ಮೇಲೆ ಇಟ್ಕಳ್ಳಾಕೆ ಆಗದ್ದು ಏನೂ ಈ ಮನೆ ಒಳಗೆ ಬರಂಗಿಲ್ಲ. ನೀನೇ ಜವಾಬ್ದಾರಿ."

ದಾರಿಯುದ್ದಕ್ಕೂ ಮಾವ ತಮ್ಮ ತೊಡೆಯ ಮೇಲೆ ಗೇಣು ಹಾಕಿ ಅಳೆಯುತ್ತಿದ್ದರು. ಬಸವಾಪಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ನಿಲ್ಲಿಸಿದಾಗ ಮುಖ ಇದ್ದಕ್ಕಿದ್ದಂತೆ ಅರಳಿತು.

"ನಿಮ್ಮತ್ತೆ ಅಗಲಕ್ಕೆ ಮಿತಿ ಹಾಕ್ಯಾಳೆ. ಎತ್ತರಕ್ಕೆ ಏನೂ ಹೇಳಿಲ್ಲ!"

ಮಿಸ್ತ್ರಿಯವರ ಶೆಡ್ಡು ಅವರ ಮನೆಯ ಹಿಂದೆಯೇ ಇತ್ತು. ಅಂಗಳದ ತುಂಬ ಸೀಮೆಸುಣ್ಣದಲ್ಲಿ ನಂಬರು ಬರೆದ ಸಾಮಾನುಗಳು. ನಡುವೆ ಸಾಲಾಗಿ ನಿಂತ ಹಳೇ ಗಾಡಿಗಳು. ಹರಾಜು ಕೂಗಲು ತರಕಾರಿ ಮಂಡಿಯವನೊಬ್ಬನನ್ನು ಕರೆಸಿದ್ದರು. ಗಂಟಲೇನೋ ಗಟ್ಟಿ, ಆದರೆ ಅವನಿಗೆ ರೇಡಿಯೇಟರಿಗೂ ಹೂಕೋಸಿಗೂ ವ್ಯತ್ಯಾಸವಿರಲಿಲ್ಲ. "ನೋಡ್ರಪ್ಪಾ, ತಾಜಾ ಮಾಲು! ಇವತ್ತು ಬೆಳಿಗ್ಗೆ ಕಿತ್ತಿದ್ದು!" ಎಂದು ಅದನ್ನು ಎತ್ತಿ ತೋರಿಸಿದ. ಸುಳ್ಳೇನಲ್ಲ, ಬೆಳಿಗ್ಗೆಯೇ ಗಾಡಿಯಿಂದ ಕಿತ್ತಿದ್ದರು!

ಮಿಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಒಂದು ಸ್ಟೂಲಿನ ಮೇಲೆ, ಬಲಗೈಯನ್ನು ಟವೆಲ್ಲಿನೊಳಗೆ ಇಟ್ಟುಕೊಂಡು ಕೂತಿದ್ದರು. ಮಾವ ಅವರ ಪಕ್ಕದಲ್ಲೇ ಹೋಗಿ ನಿಂತರು. ಆದರೆ ನಮಸ್ಕಾರವಿಲ್ಲ, ಮಾತಿಲ್ಲ. ಒಂದು ಸ್ಟೇರಿಂಗ್ ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ಇದು ಯಾವ ಗಾಡೀದು ಅಂತ ಆ ಮನುಷ್ಯನ್ನ ಕೇಳು."

ಆ ಮನುಷ್ಯ ಒಂದು ಮಾರು ದೂರದಲ್ಲಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೂ ನನ್ನನ್ನೇ ನೋಡಿ ಹೇಳಿದರು: "ಬಣ್ಣ ನೋಡಿದ ಕೂಡ್ಲೇ ಗಾಡಿ ಹೇಳೋ ಮೇಷ್ಟ್ರು ಅವರು. ಅವರಿಗೇ ಗೊತ್ತಿರ್ತೈತೆ ಅಂತ ಹೇಳಪ್ಪಾ."

ಆಮೇಲೆ ತಿಳಿಯಿತು. ನಾಲ್ಕು ವರ್ಷದ ಹಿಂದೆ ಮಿಸ್ತ್ರಿ ಒಂದು ಕಾರಿಗೆ ಕೆನೆ ಬಣ್ಣ ಹೊಡೆದು, ಗಿರಾಕಿಯನ್ನು ಕರೆಸಿ ತೋರಿಸುತ್ತಿದ್ದಾಗ ಅಲ್ಲಿದ್ದ ಮಾವ "ಇದು ಕೆನೆ ಅಲ್ಲ, ಮಾಸಿದ ಬಿಳಿ" ಎಂದುಬಿಟ್ಟಿದ್ದರಂತೆ. "ಕಣ್ಣು ತೋರಿಸ್ಕಳ್ರಿ" ಎಂದರಂತೆ ಮಿಸ್ತ್ರಿ. ಇಪ್ಪತ್ತು ವರ್ಷದ ಸ್ನೇಹ ಅಲ್ಲಿಗೆ ಮುಗಿಯಿತು! ಆಸ್ತಿಗೆ ಜಗಳವಾಡಿದವರನ್ನು ನೋಡಿದ್ದೇನೆ, ಬಣ್ಣಕ್ಕೆ ಮಾತು ಬಿಟ್ಟವರನ್ನು ಕಂಡದ್ದು ಅವತ್ತೇ.

ಅಷ್ಟರಲ್ಲಿ ಯಾರೋ ಒಂದು ಜೀಪಿನ ಬೀಗ ತೆಗೆದು ತೋರಿಸಿ ಎಂದು ಕೇಳಿದರು. ಮಿಸ್ತ್ರಿ ಎದ್ದು ಟವೆಲ್ಲಿನಿಂದ ಬಲಗೈ ಹೊರಗೆ ತೆಗೆದರು. ಕೀಲಿಕೈ ಗೊಂಚಲು ಗಲಗಲ ಅಲ್ಲಾಡತೊಡಗಿತು. ಕೀಲಿ ಒಂದು ಸಲ ರಂಧ್ರದ ಎಡಕ್ಕೆ ತಾಗಿತು, ಒಂದು ಸಲ ಬಲಕ್ಕೆ ಜಾರಿತು. ಮೂರನೇ ಸಲ ಕೈಯಿಂದ ಬಿದ್ದೇಹೋಯಿತು.

"ವರ್ಷ ಆತು, ಕೈ ನನ್ನ ಮಾತು ಕೇಳಲ್ಲ" ಎಂದು ಅವರು ಆ ಗಿರಾಕಿಗೆ ನಗುತ್ತಲೇ ಹೇಳಿದರು. "ಸ್ಪ್ಯಾನರ್ರೇ ನಿಲ್ಲಲ್ಲ ಅಂದ್ಮೇಲೆ ಶೆಡ್ಡು ಯಾಕೆ?"

ಮಾವ ಬಗ್ಗಿ ಕೀಲಿ ಎತ್ತಿಕೊಟ್ಟರು. ಕೈಯಲ್ಲಿದ್ದ ಸ್ಟೇರಿಂಗನ್ನು ಇದ್ದ ಜಾಗದಲ್ಲೇ ಇಟ್ಟರು. ಅವರು ಆಸೆಪಟ್ಟು ಬಂದಿದ್ದ ದೀಪದ ಜೋಡಿ ಬೇರೆಯವರ ಪಾಲಾಯಿತು. ಕಣ್ಣೆತ್ತಿಯೂ ನೋಡಲಿಲ್ಲ. ಮಾವನಿಗೆ ಜ್ವರ ಬಂತೇನೋ ಎಂದು ನನಗೆ ಭಯವಾಯಿತು.

ಕೊನೆಗೆ ಉಳಿದದ್ದು ಒಂದೇ ಗಾಡಿ. ಮಿಸ್ತ್ರಿ ತಮಗಾಗಿ ಎಂದು ಎಷ್ಟೋ ವರ್ಷದಿಂದ ರಿಪೇರಿ ಮಾಡುತ್ತಿದ್ದ ಹಳೇ ಅಂಬಾಸಿಡರ್. ಎಂಜಿನ್ನನ್ನು ಪೂರ್ತಿ ಬಿಚ್ಚಿಟ್ಟಿದ್ದರು. ನಟ್ಟು, ಬೋಲ್ಟುಗಳೆಲ್ಲ ಒಂದೊಂದು ಸ್ಟೀಲ್ ತಟ್ಟೆಯಲ್ಲಿ ಎಣ್ಣೆ ಸವರಿಕೊಂಡು ಮದುವೆ ಊಟಕ್ಕೆ ಬಡಿಸಿಟ್ಟಂತೆ ಇದ್ದವು. ಯಾರಿಗೆ ಬೇಕು ಬಿಚ್ಚಿಹಾಕಿದ ಗಾಡಿ? ಯಾರೂ ಕೂಗಲಿಲ್ಲ. ಜಗಳೂರಿನಿಂದ ಬಂದಿದ್ದ ಗುಜರಿ ವ್ಯಾಪಾರಿ ಒಬ್ಬನೇ ಮುಂದೆ ಬಂದ. "ಕತ್ತರಿಸಿ ತೂಕಕ್ಕೆ ಹಾಕಾಕೆ ಆಗ್ತೈತೆ" ಎಂದು ಒಂದು ರೇಟು ಹೇಳಿದ. ಮಿಸ್ತ್ರಿ ಸ್ಟೂಲನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತರು.

ಮಾವ ಕೈ ಎತ್ತಿದರು.

ಗುಜರಿಯವನು ಏರಿಸಿದ. ಮಾವ ಮತ್ತೆ ಎತ್ತಿದರು. ಅವನು ತಲೆ ಕೊಡವಿ ಹಿಂದೆ ಸರಿದ. "ಒಂದು ಸಲ... ಎರಡು ಸಲ..." ಎಂದು ಮಂಡಿಯವನು ಕೂಗುತ್ತಿರುವಾಗಲೇ ಮಾವ ಇನ್ನೊಮ್ಮೆ ಕೈ ಎತ್ತಿ ರೇಟು ಏರಿಸಿದರು!

"ಮೇಷ್ಟ್ರೇ, ಈಗ ಕೂಗಿದ್ದೂ ನೀವೇ ಅಲ್ಲೇನ್ರಿ? ನಿಮ್ಮ ಮೇಲೆ ನೀವೇ ಏರಿಸ್ತೀರಲ್ಲ!"

"ಗೊತ್ತೈತೆ ಕಣಯ್ಯಾ. ಇಂಥ ಗಾಡೀಗೆ ಆ ರೇಟು ಅಂದ್ರೆ ಅವಮಾನ. ನನ್ನ ಕೈಲಿ ಆದಷ್ಟು ಏರಿಸ್ತೀನಿ, ನೀನು ಬರ್ಕೊ."

ಜನ ಗೊಳ್ಳೆಂದು ನಕ್ಕರು. ಮಿಸ್ತ್ರಿ ಮಾತ್ರ ಸ್ಟೂಲಿನಲ್ಲಿ ಕೂತಲ್ಲೇ ನಿಧಾನವಾಗಿ ಈಚೆ ತಿರುಗಿದರು.

ಜವಾಬ್ದಾರಿ ನನ್ನದಲ್ಲವೇ? ಅತ್ತೆಗೆ ಫೋನು ಮಾಡಿದೆ.

"ಏನು ತಗಂಡ್ರಪ್ಪಾ? ತೊಡೆ ಮೇಲೆ ಹಿಡಿಸ್ತೈತೇನು?"

"ಅತ್ತೆ, ನಾವೇ ಅದರ ತೊಡೆ ಮೇಲೆ ಹಿಡಿಸ್ತೀವಿ. ಆರು ಜನ."

ಆ ಕಡೆಯಿಂದ ಬಹಳ ಹೊತ್ತು ಕುಕ್ಕರಿನ ಸೀಟಿ ಮಾತ್ರ ಕೇಳಿಸಿತು.

ನಾನು ಫೋನಿಟ್ಟು ತಿರುಗುವಷ್ಟರಲ್ಲಿ ಮಾವ ಮಿಸ್ತ್ರಿಯ ಎದುರು ನಿಂತಿದ್ದರು. ನಾಲ್ಕು ವರ್ಷದ ಮೇಲೆ ಮೊದಲ ಸಲ, ನಡುವೆ ನನ್ನನ್ನು ಇಟ್ಟುಕೊಳ್ಳದೆ ಮಾತಾಡಿದರು.

"ಮಿಸ್ತ್ರಿ, ಗಾಡಿ ಇಲ್ಲೇ ಇರ್ಲಿ. ಶೆಡ್ಡು ಮುಚ್ಚಬ್ಯಾಡ್ರಿ. ನಾನು ವಾರಕ್ಕೆ ಎರಡು ದಿನ ಬರ್ತೀನಿ, ಕೂತು ಜೋಡಿಸಾನ."

"ಜೋಡಿಸಾಕೆ ನಿಮಗೆ ಬರ್ತೈತೇನ್ರಿ?"

"ಇಲ್ಲ."

"ನನ್ನ ಕೈ ನೋಡಿದ್ರಲ್ಲ ಮೇಷ್ಟ್ರೇ."

"ನೋಡಿದೆ. ಅದಕ್ಕೇ ಹೇಳಿದ್ದು. ಕೈ ನಂದು, ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಗೀಟು ಎಳೆದ ಕೈ, ನೆಟ್ಟಗೆ ಐತೆ. ತಲೆ ನಿಮ್ಮದು ಇರ್ಲಿ. ನನ್ನ ತಲೆ ಹೆಂಗೆ ಅಂತ ನಿಮಗೆ ಗೊತ್ತೇ ಐತಲ್ಲ."

ಮಿಸ್ತ್ರಿ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮನೆಯ ಕಡೆ ತಿರುಗಿ, "ಎರಡು ಚಾ ಮಾಡ್ರವ್ವಾ" ಎಂದು ಕೂಗಿದರು. ನಾವು ಮೂವರಿದ್ದೆವು. ಎರಡೇ ಚಾ ಬಂತು. ನಾನು ನಿಂತುಕೊಂಡು ನೋಡಿದೆ!

ಈಗ ಆರು ತಿಂಗಳಾಯಿತು. ಮಂಗಳವಾರ, ಶನಿವಾರ ಬೆಳಿಗ್ಗೆ ಮಾವ ಬಸ್ಸು ಬದಲಾಯಿಸಲು ಹೊನ್ನಾಳಿಯಲ್ಲಿ ಇಳಿಯುತ್ತಾರೆ. ನನ್ನ ಅಂಗಡಿಗೆ ಬಂದು, ಸ್ಪ್ಯಾನರ್ ಹಿಡಿದು ನೊಂದ ಕೈಗೆ ಹಚ್ಚುವ ಮುಲಾಮು ಒಯ್ಯುತ್ತಾರೆ. ಮೊದಲ ತಿಂಗಳು ಮುನಿಸಿಕೊಂಡಿದ್ದ ಅತ್ತೆ ಈಗ ಬುತ್ತಿಯನ್ನು ಇಬ್ಬರಿಗೆ ಕಟ್ಟುತ್ತಾರೆ. ರೊಟ್ಟಿ ಮಾತ್ರ ಮಿಸ್ತ್ರಿಯವರಿಗೆ ಎರಡು ಹೆಚ್ಚು!

ಕಳೆದ ಶನಿವಾರ ನಾನೇ ಅವರನ್ನು ಕಾರಿನಲ್ಲಿ ಬಿಡಲು ಹೋಗಿದ್ದೆ. ಶಾಲೆಯಲ್ಲಿ ಎಲ್ಲರನ್ನೂ ಗದರಿಸುತ್ತಿದ್ದ ಮನುಷ್ಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೈಸಿಕೊಳ್ಳುತ್ತಿದ್ದರು. "ಹಂಗಲ್ಲ ಮೇಷ್ಟ್ರೇ! ಎಷ್ಟು ಸಲ ಹೇಳಬೇಕು? ಮೊದಲು ಕೈಯಲ್ಲಿ ತಿರುವ್ರಿ, ಆಮೇಲೆ ಸ್ಪ್ಯಾನರ್ರು!" ಬೈಗುಳ ಬಿದ್ದಷ್ಟೂ ಮಾವನ ಮುಖ ಹೊಳೆಯುತ್ತಿತ್ತು.

ಎಂಜಿನ್ನಿನ ಒಳಮೂಲೆಯಲ್ಲಿ ಒಂದು ಸಣ್ಣ ನಟ್ಟು ಕೂರಬೇಕಿತ್ತು. ಮಾವ ನಾಲ್ಕು ಸಲ ಪ್ರಯತ್ನಿಸಿದರು. ಆಗಲಿಲ್ಲ. "ಅದು ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗಬೇಕು" ಎಂದರು ಮಿಸ್ತ್ರಿ. ಆಮೇಲೆ ತಮ್ಮ ಬಲಗೈಯನ್ನೇ ನೋಡಿಕೊಂಡರು. ಮಾವ ಆ ನಟ್ಟನ್ನು ಅವರ ಬೆರಳುಗಳ ನಡುವೆ ಇಟ್ಟರು. ಮಣಿಕಟ್ಟನ್ನು ತಮ್ಮ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ನಡುಕ ಪೂರ್ತಿ ನಿಲ್ಲಲಿಲ್ಲ. ಮಾವನ ತೋಳೂ ಅದರ ಜೊತೆ ಅಲ್ಲಾಡುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಎಂಜಿನ್ನಿನೊಳಗೆ ಬಗ್ಗಿದರು.

"ಕೂತ್ಕಂತು" ಎಂದರು ಮಿಸ್ತ್ರಿ, ಮೆಲ್ಲಗೆ. ಅವರ ಕಣ್ಣು ಒದ್ದೆಯಾಗಿತ್ತು. ಮಾವ ಹಿಡಿದ ಕೈಯನ್ನು ಬಿಡಲಿಲ್ಲ. ಮಿಸ್ತ್ರಿ ಎಡಗೈಯಲ್ಲಿ ನಟ್ಟಿನ ತಟ್ಟೆಯನ್ನು ಮಾವನ ಕಡೆ ತಳ್ಳಿದರು.

"ಇನ್ನೊಂದು ನಟ್ಟು ಕೊಡ್ರಿ, ಮೇಷ್ಟ್ರೇ."