ದೊರೆ ಬಂಗಲೆಯ ಮೆಟ್ಟಿಲು

ನನ್ನ ಹೆಂಡತಿ ಸರ್ವಮಂಗಳ ಮಹಡಿಯ ಮೇಲೆ ವಾಸವಾಗಿದ್ದಾಳೆ. ನಾನು ಕೆಳಗೆ, ಗೇಟಿನ ಪಕ್ಕದ ಬಟ್ಲರನ ಕೋಣೆಯಲ್ಲಿದ್ದೇನೆ. ನೀವು ಅಂದುಕೊಂಡಂಥದ್ದೇನೂ ಇಲ್ಲ. ಕೋರ್ಟಿಗೆ ಹೋಗಿಲ್ಲ, ಆಸ್ಪತ್ರೆಗೆ ಹೋಗಿದ್ದೆವು, ಅಷ್ಟೆ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಬರೆಯೋಣ ಅಂತಿದ್ದೆ. ಆದರೆ ಇದನ್ನು ಅವಳೂ ಓದುತ್ತಾಳೆ. ಆದ್ದರಿಂದ ತಪ್ಪು ನನ್ನದು.

ಮೂವತ್ತೊಂದು ವರ್ಷ ನಾನು ಬೀಚನಹಳ್ಳಿಯ ಅಣೆಕಟ್ಟೆ ಆಫೀಸಿನಲ್ಲಿ ಗುಮಾಸ್ತ. ಅಷ್ಟೂ ವರ್ಷ ಇದ್ದದ್ದು ಎರಡು ಕೋಣೆಯ ಶೀಟಿನ ಮನೆಯಲ್ಲಿ. ಹಾಸಿಗೆಯಲ್ಲಿ ಕಾಲು ಚಾಚಿದರೆ ಅಡುಗೆಮನೆಯ ಪಾತ್ರೆ ಉರುಳುತ್ತಿತ್ತು. (ಉರುಳಿದ ಪಾತ್ರೆಗಿಂತ ಹೆಚ್ಚು ಸದ್ದು ಮಾಡುತ್ತಿದ್ದವಳು ಬೇರೆ.) ನಿವೃತ್ತಿ ಹತ್ತಿರ ಬಂದಾಗ ಸರ್ವಮಂಗಳ ತನ್ನ ಬೇಡಿಕೆಯನ್ನು ಮುಂದಿಟ್ಟಳು.

“ಕೆ.ಆರ್. ನಗರದಲ್ಲಿ ನಮ್ಮಕ್ಕ ರುಕ್ಮಿಣಮ್ಮನ ಮನೆ ಹತ್ರ ಎರಡು ರೂಮು ಸಾಕು ಕಣ್ರೀ. ಒಂದೂ ಮೆಟ್ಲು ಇರಬಾರ್ದು. ನನ್ನ ಮಂಡಿ ಕೇಳಲ್ಲ.”

ಆದರೆ ನನಗೆ ಬೇಕಾಗಿದ್ದದ್ದೇ ಮೆಟ್ಟಿಲು.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವಾಗ ಹೊಗೆಸೊಪ್ಪಿನ ಹೊಲಗಳ ನಡುವೆ ಒಂದು ಬಂಗಲೆ ಕಾಣುತ್ತಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯಾವನೋ ಬಿಳಿ ದೊರೆ ಕಟ್ಟಿಸಿದ್ದಂತೆ. ಕಮಾನು ಕಿಟಕಿ, ಅದರಲ್ಲಿ ಕೆಂಪು ಹಸಿರು ಗಾಜು, ಸೂರಿನಂಚಿಗೆ ಲಂಗದ ಲೇಸಿನ ಹಾಗೆ ಕೊರೆದ ಮರ, ನೆತ್ತಿಯ ಮೇಲೆ ಹೊಗೆಗೂಡು. ಒಳಗೆ ಹಜಾರದ ನಡುವಿನಿಂದ ಸುತ್ತಿಕೊಂಡು ಮೇಲೇರುವ ತೇಗದ ಮೆಟ್ಟಿಲು. ಇಪ್ಪತ್ತಮೂರು. ಒಮ್ಮೆ ಬಸ್ಸಿಳಿದು ಹೋಗಿ ಬಾಗಿಲ ಸಂದಿಯಿಂದ ನಾನು ಎಣಿಸಿದ್ದೆ. ಬಸ್ಸಿನ ಕಿಟಕಿಯಿಂದ ಆ ಮನೆಯನ್ನು ನೋಡುತ್ತಾ ನೋಡುತ್ತಾ ನನಗೆ ವಯಸ್ಸಾಯಿತು, ಮನೆಗೂ ಆಯಿತು. ನಿವೃತ್ತಿಯ ಹಣ ಕೈಗೆ ಬಂದ ವಾರದಲ್ಲೇ ಅದನ್ನು ಕೊಂಡೆ. ಕೊಂಡ ಮೇಲೆ ಹೆಂಡತಿಯ ಅಭಿಪ್ರಾಯ ಕೇಳಿದೆ.

“ದೊರೆಯ ಮನೆ ನಮಗೆ ದೊರೆತಿದೆ!” ಎಂದು ಗೇಟು ತಳ್ಳಿದೆ. ಗೇಟು ಬಿತ್ತು.

ಸರ್ವಮಂಗಳ ಹಜಾರದ ನಡುವೆ ನಿಂತು ಮೇಲೆ ನೋಡಿದಳು. ಛಾವಣಿಯಲ್ಲಿ ಆಕಾಶ ಕಾಣುತ್ತಿತ್ತು. ಅವಳ ಮನಸ್ಸನ್ನು ಬೆಚ್ಚಗೆ ಮಾಡೋಣವೆಂದು ನಾನು ದೊರೆಯ ಅಗ್ಗಿಷ್ಟಿಕೆಗೆ ಕಡ್ಡಿ ಗೀರಿದೆ. ಆ ಹೊಗೆಗೂಡಿನಲ್ಲಿ ನೂರಾರು ಬಾವಲಿಗಳು ಸಂಸಾರ ಹೂಡಿದ್ದವು ಎಂದು ಮಾರಿದವನು ಹೇಳಿರಲಿಲ್ಲ. ಹಜಾರ ಒಂದು ಕ್ಷಣ ಕಪ್ಪಾಯಿತು. ಅವಳು ಕಿರುಚಲಿಲ್ಲ. ಸೆರಗಿನಿಂದ ತಲೆ ಮುಚ್ಚಿಕೊಂಡು ಹೊರಗೆ ನಡೆದು, ಬಿದ್ದ ಗೇಟಿನ ಮೇಲೆ ಕೂತಳು.

“ನನ್ನ ಒಂದು ಮಾತು ಕೇಳಬೋದಿತ್ತು,” ಅಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಜೀರ್ಣೋದ್ಧಾರ ಶುರುವಾಯಿತು. ಗುರುಪುರದಿಂದ ಚಿಕ್ಕಣ್ಣ ಎಂಬ ಮುದಿ ಬಡಗಿಯನ್ನು ಕರೆತಂದೆ. ಅವನು ಮಾತಿಗೆ ಮುಂಚೆ ಮರಕ್ಕೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟುವವನು. ಕಿಟಕಿ ತಟ್ಟಿದ, ಬಾಗಿಲು ತಟ್ಟಿದ, ಕೊನೆಗೆ ಮೆಟ್ಟಿಲು ತಟ್ಟಿ ಮುಖ ಸಪ್ಪಗೆ ಮಾಡಿದ.

“ಮೇಲ್ ಮಾತ್ರ ತೇಗ ಕಣ್ ಸಾ. ಒಳ್ಗೆಲ್ಲ ಗೆದ್ಲು ತಿಂದ್ಬುಟ್ಟದೆ. ಕೆಳ್ಗಿನ ತೊಲೆ ಬದ್ಲಾಯಿಸ್ಬೇಕು.”

“ಎಷ್ಟು ದಿನ?”

“ಎಲ್ಡು ವಾರ ಬುಡಿ.”

ನನ್ನ ಬಳಿ ಎರಡು ವಾರ ಇರಲಿಲ್ಲ. ಗೃಹಪ್ರವೇಶಕ್ಕೆ ದಿನ ಗೊತ್ತಾಗಿ ಕಾರ್ಡು ಹಂಚಿಯಾಗಿತ್ತು. ಆಫೀಸಿನವರೆಲ್ಲ ಬರುವವರಿದ್ದರು. ಮೂವತ್ತೊಂದು ವರ್ಷ ನನ್ನನ್ನು “ಏನಯ್ಯಾ” ಎಂದು ಕರೆದ ಸಾಹೇಬರೂ ಬರುವವರಿದ್ದರು. ಅವರೆಲ್ಲ ಹಜಾರದಲ್ಲಿ ಕೂತಿರುವಾಗ ನಾನು ಪೇಟ ಸುತ್ತಿಕೊಂಡು ಮೇಲಿನಿಂದ ಇಳಿದುಬರಬೇಕು. ಇಷ್ಟೇ ನನ್ನ ಜೀವಮಾನದ ಆಸೆ. (ನಗಬೇಡಿ. ನಿಮ್ಮದೂ ಇಂಥದ್ದೊಂದು ಇರುತ್ತದೆ, ನೀವು ಹೇಳುವುದಿಲ್ಲ.)

“ಮೇಲೆ ಪಾಲಿಷ್ ಹೊಡಿ ಚಿಕ್ಕಣ್ಣ. ತೊಲೆ ಆಮೇಲೆ.”

“ನಾ ಒಡಿಯಕ್ಕಿಲ್ಲ ಸಾ. ಸುಳ್ಳಿಗೆ ಬಣ್ಣ ಬಳ್ದಂಗಾಯ್ತದೆ,” ಎಂದು ಅವನು ಗರಗಸ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಪಾಲಿಷ್ ನಾನೇ ಹೊಡೆದೆ.

ಅಂದು ಬೆಳಿಗ್ಗೆ ಹೋಮ ಮುಗಿಯಿತು. ಸಾಹೇಬರು ಮುಂದಿನ ಸಾಲಿನಲ್ಲಿ ಕೂತು ವಡೆ ತಿನ್ನುತ್ತಿದ್ದರು. ನಾನು ಹಿಂದಿನ ಏಣಿಯಿಂದ ಮೇಲೆ ಹೋಗಿ, ಪೇಟ ಸರಿಮಾಡಿಕೊಂಡು, ಮೆಟ್ಟಿಲ ತುದಿಯಲ್ಲಿ ನಿಂತೆ. ಒಂದು, ಎರಡು, ಮೂರು. ಎಲ್ಲರೂ ತಲೆಯೆತ್ತಿದರು. “ಭಲೇ ನಟರಾಜು!” ಎಂದರು ಸಾಹೇಬರು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಏಳನೆಯದಕ್ಕೆ ಕಾಲಿಟ್ಟೆ. ಎಂಟನೆಯದು ಸಿಗಲಿಲ್ಲ. ಮಿಕ್ಕ ಹದಿನೈದು ಮೆಟ್ಟಿಲುಗಳೂ ನಾನೂ ಒಟ್ಟಿಗೇ ಕೆಳಗೆ ಬಂದೆವು. ಸಾಹೇಬರ ಎಲೆಯ ಮೇಲೆ ಶತಮಾನದ ಗೆದ್ದಲು ಮಣ್ಣು ಸುರಿಯಿತು.

ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಮೇಲೆ ಜ್ವರ, ಎದೆಯಲ್ಲಿ ನೀರು. ಆರನೆಯ ದಿನ ಡಾಕ್ಟರು ಸರ್ವಮಂಗಳಳನ್ನು ಆಚೆ ಕರೆದು, ನೆಂಟರಿಗೆ ಹೇಳಿಕಳಿಸುವುದಿದ್ದರೆ ಹೇಳಿಕಳಿಸಿ ಎಂದರಂತೆ. ಅವಳು ಯಾರಿಗೂ ಹೇಳಲಿಲ್ಲ. ಒಂದು ಸ್ಟೂಲಿನ ಮೇಲೆ, ಆ ಹಾಳು ಮಂಡಿ ಮಡಿಸಿಕೊಂಡು, ಹನ್ನೊಂದು ದಿನ ಕೂತಳು. ನನಗೆ ಎಚ್ಚರವಾದಾಗ ಅವಳ ಮುಖ ನನಗಿಂತ ಹೆಚ್ಚು ಸತ್ತಿತ್ತು.

“ಸಾಹೇಬ್ರು ಏನಂದ್ರು?” ಎಂದೆ. ನನ್ನ ಬಾಯಿಂದ ಹೊರಟ ಮೊದಲ ಮಾತು ಅದು.

ಆಮೇಲೆ ಅವಳು ನನ್ನೊಡನೆ ಮಾತಾಡಿದ್ದು ಮಾತ್ರೆಯ ಹೊತ್ತಿಗೆ ಮಾತ್ರ.

ಇನ್ನು ಜನ್ಮದಲ್ಲಿ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಬಂಗಲೆಯಲ್ಲಿ ನೆಲಕ್ಕೆ ಸಮವಾಗಿದ್ದದ್ದು ಬಟ್ಲರನ ಕೋಣೆ ಒಂದೇ. ನನ್ನನ್ನು ಅಲ್ಲಿ ಮಲಗಿಸಿದರು. ಸರ್ವಮಂಗಳ ಮನೆ ಮಾರಾಟಕ್ಕಿದೆ ಎಂದು ಹುಣಸೂರಿನಲ್ಲೆಲ್ಲ ಹೇಳಿಸಿದಳು. ಮೆಟ್ಟಿಲಿಲ್ಲದ ಮಹಡಿಮನೆಯನ್ನು ಯಾರೂ ಕೊಳ್ಳಲಿಲ್ಲ. ಕೊನೆಗೆ ಅವಳೇ ಬಸ್ಸು ಹತ್ತಿ ಗುರುಪುರಕ್ಕೆ ಹೋಗಿ ಚಿಕ್ಕಣ್ಣನನ್ನು ಕರೆತಂದಳು. ಮೂರು ತಿಂಗಳು ಗರಗಸದ ಸದ್ದು. ಅದರ ನಡುವೆ ಅವಳ ದನಿ:

“ಈ ತೊಲೆ ತಟ್ಟಿ ನೋಡಿದ್ಯಾ ಚಿಕ್ಕಣ್ಣ?”

“ನೋಡಿವ್ನಿ ಕಣವ್ವ. ಗಟ್ಟಿ ಅದೆ. ಅಂಗೇ ಮಂಡಿಗೆ ಅಂತ ಮೆಟ್ಲ ಎತ್ರ ತಗ್ಗಿಸಿವ್ನಿ.”

ಇಪ್ಪತ್ತಮೂರು ಮೆಟ್ಟಿಲು ಮೂವತ್ತೊಂದಾದವು. ಒಂದು ದಿನ ಅವಳು ಒಂದೊಂದೇ ಹತ್ತಿ ಮೇಲೆ ಹೋದಳು. ಗಾಜು ಒರೆಸಲು ಹೋದವಳು ಸಂಜೆಯವರೆಗೂ ಇಳಿಯಲಿಲ್ಲ. ಮಾರನೆಯ ವಾರ ಅವಳ ಹಾಸಿಗೆಯೂ ಮೇಲೆ ಹೋಯಿತು.

ಕಳೆದ ತಿಂಗಳು ಗೇಟಿನ ಬಳಿ ಒಂದು ಕಾರು ನಿಂತಿತು. ಒಳ್ಳೆಯ ಷರಟು ತೊಟ್ಟ ಗಂಡಸೊಬ್ಬ ಇಳಿದ. ನಾನು ಗಡ್ಡ ಬಿಟ್ಟು, ಮಫ್ಲರ್ ಸುತ್ತಿ, ವಾಕರ್ ಹಿಡಿದು ಬಟ್ಲರನ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಿದ್ದೆ.

“ಏನಯ್ಯಾ, ಮನೆ ಮಾರಾಟಕ್ಕಿದೆಯಂತೆ? ನಾನು ಕಿರಣ್‌ಕುಮಾರ್ ಅಂತ, ಮೈಸೂರಿಂದ ಬಂದೆ. ಯಜಮಾನ್ರು ಇದಾರಾ?”

ನಾನೇ ಯಜಮಾನ ಎನ್ನಲು ಬಾಯಿ ತೆರೆದೆ. ನಾಚಿಕೆಯಾಯಿತು. “ಇಲ್ಲ,” ಎಂದೆ.

ಆತ ದನಿ ತಗ್ಗಿಸಿದ. “ಹೌದು, ಕೇಳಿದ್ದೆ. ಮೆಟ್ಟಿಲಿಂದ ಬಿದ್ರಂತಲ್ಲ. ಪಾಪ.”

ತಿದ್ದುವಷ್ಟರಲ್ಲಿ ಆತ ಒಳಗೆ ಹೋಗಿದ್ದ. ಸ್ವಲ್ಪ ಹೊತ್ತಿಗೆ ನನ್ನ ತಲೆಯ ಮೇಲಿನ ಬಾಲ್ಕನಿಯಿಂದ ಮಾತು ಕೇಳಿಸಿತು.

“ಯಜಮಾನ್ರು ಹೋದದ್ದು ಕೇಳಿ ಬೇಜಾರಾಯ್ತು ತಾಯಿ.”

ನಾನು ವಾಕರ್ ಬಿಗಿಯಾಗಿ ಹಿಡಿದೆ.

“ಭಾರಿ ಹಟಮಾರಿ ಮನುಷ್ಯ,” ಅಂದಳು ಸರ್ವಮಂಗಳ. “ಯಾರ ಮಾತೂ ಕೇಳ್ತಿರ್ಲಿಲ್ಲ. ಆದ್ರೆ ಈ ಮನೆ ಹುಡುಕಿದ್ದು ಅವರೇ ಸಾರ್. ಇದನ್ನ ಮಾರಲ್ಲ.”

ಕಿರಣ್‌ಕುಮಾರ್ ಹಿಂತಿರುಗಿ ಬಂದು ನನ್ನ ಭುಜ ತಟ್ಟಿದ. “ಒಂಟಿ ಹೆಂಗಸು ಕಣಯ್ಯಾ. ಚೆನ್ನಾಗಿ ನೋಡ್ಕೋ.”

“ಆಗ್ಲಿ ಸಾರ್,” ಎಂದು ಗೇಟು ಹಾಕಿದೆ.

ಸರ್ವಮಂಗಳ ಇಳಿದುಬಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದು ಹೆದರಿದೆ. ನಗುತ್ತಿದ್ದಳು, ಆ ಸ್ಟೂಲಿನಿಂದ ಎದ್ದ ಮೇಲೆ ಮೊದಲ ಸಲ.

“ಅಲ್ರೀ, ನೀವು ಸತ್ತಿದ್ದು ನನಗೇ ಹೇಳ್ಲಿಲ್ಲವಲ್ಲ?”

“ನೀನಾದ್ರೂ ಇದಾರೆ ಅನ್ಬೋದಿತ್ತಲ್ಲ?”

“ಇದಾರೆ ಅಂದ್ರೆ ಅವರು ನಿಮ್ಮ ಹತ್ರ ವ್ಯಾಪಾರ ಮಾತಾಡ್ತಿದ್ರು. ನೀವು ಮತ್ತೆ ನನ್ನ ಕೇಳ್ದೆ ಮಾರಿಬಿಡ್ತಿದ್ರಿ.”

ನಾನು ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡೆ. “ಅಂಥದ್ದೇನಿದೆ ಮೇಲೆ?”

“ಕೊಡಗಿನ ಬೆಟ್ಟ ಕಾಣ್ತದೆ ಕಣ್ರೀ. ಬೆಳಿಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ.”

“ನಾನು ನೋಡ್ಲೇ ಇಲ್ಲ.” ಪೇಟ ಸರಿಮಾಡಿಕೊಳ್ಳುವ ಗಡಿಬಿಡಿಯಲ್ಲಿ ಅಂದು ಕಿಟಕಿಯತ್ತ ತಿರುಗಿರಲಿಲ್ಲ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. “ಇರಿ, ಫೋಟೋ ಕಳಿಸ್ತೀನಿ,” ಎಂದು, ಕಟಕಟ ಎನ್ನುವ ಮಂಡಿಯನ್ನು ಹಿಡಿದುಕೊಂಡು ಮೂವತ್ತೊಂದು ಮೆಟ್ಟಿಲನ್ನೂ ಮತ್ತೆ ಹತ್ತಿದಳು.

ಫೋನು ಸದ್ದು ಮಾಡಿತು. ಫೋಟೋದ ಮುಕ್ಕಾಲು ಪಾಲು ಅವಳ ಹೆಬ್ಬೆರಳು. ಮಿಕ್ಕ ಮೂಲೆಯಲ್ಲಿ ಒಂದು ನೀಲಿ ಗೆರೆ. ಅದೇ ಬೆಟ್ಟವಿರಬೇಕು.

ಚೆನ್ನಾಗಿದೆ ಎಂದು ಬರೆದು ಕಳಿಸಿದೆ.