ಎಂಟಕ್ಕೂ ಎಂಟ್ರಿಗೂ ನಡುವೆ ನಮ್ಮ ಮಾಮ

ನಮ್ಮ ಸೋದರಮಾಮನಷ್ಟು ಮರ್ಯಾದಸ್ಥರು ಇಡೀ ವಿಜಯಪುರದಲ್ಲಿಲ್ಲ. ಅವರು ಮೊಬೈಲಿಗೂ ‘ರಿ’ ಹಚ್ಚಿ ಮಾತಾಡುತ್ತಾರೆ! ಹೇಳಿದ್ದನ್ನು ಅದು ತಪ್ಪು ಬರೆದುಕೊಂಡರೆ ಬೈಯುವುದಿಲ್ಲ, “ಇನ್ನೊಮ್ಮೆ ಕೇಳ್ರಿ” ಎನ್ನುತ್ತಾರೆ.

ಮಾಮ ಜಲನಗರದಿಂದ ಬಬಲೇಶ್ವರಕ್ಕೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಾರೆ. ಸಂಖ್ಯಾಶಾಸ್ತ್ರವೆಂದರೆ ಅವರಿಗೆ ಪ್ರಾಣ. ಈ ಸಲ ಅದನ್ನು ಟೀವಿಗೆ ಮೊಬೈಲು ಜೋಡಿಸಿಯೇ ಕಲಿಸಬೇಕಂತೆ. ಶನಿವಾರ ಶಿಕ್ಷಣ ಇಲಾಖೆಯ ಸಾಹೇಬರು ನೋಡಲು ಬರುತ್ತಾರೆ, ಆಗದಿದ್ದರೆ ಆ ಪಾಠ ಹೊಸ ಮಾಸ್ತರಿಗೆ ಎಂದು ಹೆಡ್‌ಮಾಸ್ತರು ಹೇಳಿಬಿಟ್ಟರು. ಮಾಮನಿಗೆ ಕಲಿಸುವ ಕೆಲಸ ನನಗೆ ಬಂತು. ನನ್ನ ದಿನಚರಿಯಲ್ಲಿ ಅವರ ತಪ್ಪುಗಳಿಗೊಂದು ಕಾಲಂ ಎಳೆದೆ. ಬುಧವಾರಕ್ಕೇ ಪುಟ ತುಂಬಿತು!

ತರಗತಿಯಲ್ಲಿ ಯಾರು ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತಾರೆ ಎಂಬುದು ಲೆಕ್ಕ. ಟೈಪು ಬಾರದ ಮಾಮ ಮೊಬೈಲಿನ ಕೋಷ್ಟಕದ ಚೌಕಗಳನ್ನು ಬಾಯಲ್ಲಿ ಹೇಳಿಯೇ ತುಂಬಿದರು. ಸರಾಸರಿ ಮೂರು ಬಂತು. ಬಬಲೇಶ್ವರದ ಹುಡುಗರು, ಮೂರೇ ರೊಟ್ಟಿ? ಮೊಬೈಲು ಬದಲಿಸಿದೆವು. ಗಣಿತದ ಮೇಲೆಯೇ ಸಂಶಯಪಟ್ಟೆವು. ಕೊನೆಗೆ ತಿಳಿಯಿತು: ‘ಮೂರ್ರಿ’, ‘ನಾಕ್ರಿ’ಗಳನ್ನು ಹೇಗೋ ಅಂಕಿ ಮಾಡಿಕೊಂಡ ಮೊಬೈಲು, ‘ಎಂಟ್ರಿ’ಯನ್ನು ಮಾತ್ರ ಇಂಗ್ಲಿಷ್ ಎಂದು ತಿಳಿದು ಅಕ್ಷರದಲ್ಲೇ ಬರೆದುಕೊಂಡಿತ್ತು! ಅಕ್ಷರವಿದ್ದ ಚೌಕವನ್ನು ಅದು ಸರಾಸರಿಗೆ ಹಿಡಿಯುವುದೇ ಇಲ್ಲ. ಗಟ್ಟಿ ಉಣ್ಣುವವರೆಲ್ಲ ಲೆಕ್ಕದಿಂದ ಹೊರಗೆ!

“ಮಾಮಾ, ಆ ‘ರಿ’ ಬಿಡ್ರಿ.”

“ನೀನರ ಎಲ್ಲಿ ಬಿಟ್ಟಿ?”

ಎಂಟುಗಳನ್ನು ನಾನೇ ತಿದ್ದಿದೆ. ಒಂದು ಚೌಕ ಖಾಲಿ ಉಳಿಯಿತು. ಆ ಚೌಕದ ಹುಡುಗಿ ಅವ್ವನ ಜೊತೆ ತಿಕೋಟಾ ಕಡೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದಳು. ಖಾಲಿ ಚೌಕ ನನಗೆ ಸಹಿಸಲಾಗದು. ಸೊನ್ನೆ ಹಾಕಿದೆ, ಮಾಮ ಅಳಿಸಿದರು. ಮತ್ತೆ ಹಾಕಿದೆ, ಮತ್ತೆ ಅಳಿಸಿದರು. ಅದನ್ನೂ ತಪ್ಪಿನ ಕಾಲಮ್ಮಿಗೆ ಸೇರಿಸಿದೆ.

ಶನಿವಾರ ನಾನೂ ಹೋಗಿ ಟೀವಿಯ ಪಕ್ಕ ವೈರು ಹಿಡಿದು ನಿಂತೆ. ಪಾಠ ಸುಸೂತ್ರವಾಗಿ ಸಾಗಿತ್ತು. ಸಾಹೇಬರು ಅದೇ ಚೌಕಕ್ಕೆ ಬೆರಳು ಮಾಡಿದರು.

“ಇದೇನ್ರಿ ಖಾಲಿ? ಸೊನ್ನಿ ಹಾಕ್ರಿ, ಇಲ್ಲಾ ಹೆಸರ ತಗೀರಿ.”

ಪಾಠ ಹೊಸ ಮಾಸ್ತರಿಗೇ ಹೋಯಿತು ಅಂದುಕೊಂಡೆ. ಮಾಮ ಮೆಲ್ಲಗೆ ಹೇಳಿದರು.

“ಸೊನ್ನಿ ಹಾಕಿದ್ರ ಅಕಿ ಉಪಾಸ ಅದಾಳ ಅಂದಂಗ ಆಗ್ತೈತ್ರಿ. ಹೆಸರ ತಗದ್ರ ಅಕಿ ನಮ್ಮ ಸಾಲಿಯಾಕಿನ ಅಲ್ಲ ಅಂದಂಗ. ಅಕಿ ಬರಾಕಿ ಅದಾಳ್ರಿ ಸರ್.” ಆಮೇಲೆ ಮೊಬೈಲಿನತ್ತ ಬಾಗಿ, “ಖಾಲಿ ಬಿಡ್ರಿ” ಎಂದರು.

ಮೊಬೈಲು ಆ ಚೌಕದಲ್ಲಿ ‘ಖಾಲಿ ಬಿಡ್ರಿ’ ಎಂದೇ ಬರೆಯಿತು! ಮಕ್ಕಳು ನಕ್ಕರು. ಸಾಹೇಬರು ಸರಾಸರಿ ನೋಡಿದರು, ಅದು ಕದಲಿರಲಿಲ್ಲ. ಈ ಪಾಠ ನೀವೇ ಮುಗಿಸಿ ಎಂದು ಹೇಳಿ ಹೊರಟರು.

ಆ ಅಕ್ಷರಗಳನ್ನು ನಾನು ಅಳಿಸಿಲ್ಲ. ಅವಳು ಬಂದ ದಿನ ತಾನೇ ಅಳಿಸಿ, ತನ್ನ ರೊಟ್ಟಿ ಎಷ್ಟೆಂದು ಹೇಳಲಿ.