ಕಾಂಚನಮಾಲಾ ಟೀಚರ ಒಂದೇ ಒಂದು ಸುಳ್ಳು

ಕಾಂಚನಮಾಲಾ ಟೀಚರು ತಮ್ಮ ಬದುಕಿನ ಮೊದಲ ಸುಳ್ಳನ್ನು ಹೇಳಿದ್ದು ಹಿತ್ತಲ ಗೋಡೆಯ ಬಳಿ, ಬೆಳಗಿನ ಎಳೆಬಿಸಿಲಿನಲ್ಲಿ. ಕಾರಣ, ಬೆರಳುದ್ದದ ಒಂದು ಪ್ಲಾಸ್ಟಿಕ್ ಪಟ್ಟಿ.

ಬಸ್ತಿಹಳ್ಳಿಯ ಅರ್ಧ ಊರಿಗೆ ‘ಸತ್ಯವನ್ನೇ ನುಡಿಯಬೇಕು’ ಎಂದು ಕಾಪಿ ಬರೆಸಿದ ಕೈ ಅವರದು. ಅವರು ಪಾಠ ಹೇಳಿದ ಶಾಲೆಯಲ್ಲಿ ಧ್ವಜದ ಕಟ್ಟೆಗೆ ವರ್ಷವರ್ಷವೂ ಸುಣ್ಣ ಬಳಿಸಿದರು; ಹೆಂಗಸರಿಗೊಂದು ಶೌಚಾಲಯ ಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ. ಬೆಳಗ್ಗೆ ಹೊರಟ ಟೀಚರು ಸಂಜೆಯವರೆಗೆ ನೀರು ಕುಡಿಯದೆ, ಕುಡಿದರೂ ತಡೆದುಕೊಂಡು, ಒಂದು ಆಯುಷ್ಯವನ್ನೇ ಕಳೆದರು. ಅದನ್ನು ಸಹನೆಯೆಂದು ಹೊಗಳಿದವರುಂಟು, ಅನ್ಯಾಯವೆಂದು ಹೇಳಿದವರಿಲ್ಲ.

ನಿವೃತ್ತಿಯ ಬಳಿಕ ಅವರು ವ್ರತ ಹಿಡಿದರು. ಬಾವಿಯಿಂದ ಸೇದಿ, ಬಟ್ಟೆಯಲ್ಲಿ ಸೋಸಿದ ನೀರನ್ನಷ್ಟೇ ಕುಡಿಯುವುದು. ಸೂರ್ಯ ಮುಳುಗಿದ ಮೇಲೆ ಒಂದು ಹನಿಯೂ ಇಲ್ಲ. ನಲ್ಲಿಯ ನೀರು, ಕ್ಯಾನಿನ ನೀರು ಅವರಿಗೆ ನಿಷಿದ್ಧ. ಊರಿನ ಉಳಿದ ಬಾವಿಗಳೆಲ್ಲ ಮುಚ್ಚಿಹೋಗಿದ್ದುದರಿಂದ ಬಸದಿಯ ಪಕ್ಕದ ಬಾವಿಯೊಂದೇ ಅವರಿಗೆ ಗತಿ.

ಈಚೆಗೆ ಬಚ್ಚಲಿಗೆ ಹೋದಾಗಲೆಲ್ಲ ಬೆಂಕಿಯ ಮೇಲೆ ಕೂತಂತಹ ಉರಿ. ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದ ತಮ್ಮನ ಮಗಳು ತ್ರಿಶಾ ಫೋನಿನಲ್ಲಿ ಗದರಿದಳು:

“ಅತ್ತೆ, ಹೀಗೆ ನಾಚ್ಕೊಂಡು ಕೂತ್ರೆ ಕಿಡ್ನಿಗೆ ಹೋಗುತ್ತೆ. ಬೇಲೂರಿನ ಮೆಡಿಕಲ್ ಶಾಪಲ್ಲಿ ಪಟ್ಟಿ ಸಿಗುತ್ತೆ, ತಗೊಳ್ಳಿ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರದಲ್ಲಿ ಅದ್ದಿ, ಡಬ್ಬಿ ಮೇಲಿರೋ ಬಣ್ಣದ ಜೊತೆ ಹೋಲಿಸಿ ನೋಡಿ. ಬಣ್ಣ ಬಂದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. ಅಲ್ಲೀವರೆಗೂ ಚೆನ್ನಾಗಿ ನೀರು ಕುಡೀರಿ, ಸಾಕು ನಿಮ್ಮ ಸಹನೆ.”

ಬಚ್ಚಲಿನ ಮಬ್ಬಿನಲ್ಲಿ ಬಣ್ಣ ಕಾಣದೆ ಟೀಚರು ಪಟ್ಟಿಯನ್ನು ಹಿತ್ತಲ ಗೋಡೆಯ ಮೇಲಿಟ್ಟು ಕನ್ನಡಕ ಹಾಕಿಕೊಂಡರು. ಒಂದು ಚೌಕ ಗುಲಾಬಿ, ಇನ್ನೊಂದು ನೇರಳೆ. ಬೇಲೂರಿನ ಹೆಂಗಸು ಡಾಕ್ಟರು ಸಿಗುವುದು ಬೆಳಗ್ಗೆ ಮಾತ್ರ. ಈಗಲೇ ಬಸ್ಸು ಹಿಡಿಯಬೇಕು ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಕಾಂತಮ್ಮನ ತಲೆ ಕುಂಬಳದ ಬಳ್ಳಿಯಂತೆ ಗೋಡೆಯ ಮೇಲಕ್ಕೆ ಬಂತು.

“ಏನ್ ಟೀಚರಮ್ಮ ಅದು?”

“ಏನಿಲ್ಲ ಕಣೇ... ನೀರಿನ ಪರೀಕ್ಷೆ.”

“ಯಾವ್ ನೀರು?”

“ಬಾವೀದು.”

ಇಷ್ಟೇ ಸುಳ್ಳು. ಆದರೆ ಕಾಂತಮ್ಮ ಪಂಚಾಯಿತಿಯವರು ಕೊಡಿಸಿದ ನೀರಿನ ಪರೀಕ್ಷೆಯ ತರಬೇತಿ ಪಡೆದು, ಕಲಿತದ್ದನ್ನು ಎಲ್ಲಿ ಪ್ರಯೋಗಿಸಲಿ ಎಂದು ಕಾಯುತ್ತಿದ್ದವಳು. ಟೀಚರು ಕೈ ಚಾಚುವ ಮೊದಲೇ ಪಟ್ಟಿಯನ್ನು ಎತ್ತಿಕೊಂಡಳು.

“ಅಯ್ಯೋ, ಬಣ್ಣ ತಿರುಗೈತೆ. ಇದು ಕುಡಿಯೋ ನೀರಲ್ಲ, ವಿಷ.”

ಹೀಗೆಂದವಳೇ ಒಳನುಗ್ಗಿ, ಟೀಚರು ಆಗಷ್ಟೇ ಸೋಸಿಟ್ಟಿದ್ದ ತಾಮ್ರದ ಕೊಡವನ್ನು ಅಕ್ಕರೆಯಿಂದ ಅಂಗಳಕ್ಕೆ ಸುರಿದಳು. ಬಳಿಕ ಪಟ್ಟಿ ಹಿಡಿದು ಪಂಚಾಯಿತಿ ಸದಸ್ಯ ಏಕಾಂತಯ್ಯನ ಮನೆಗೆ ನಡೆದಳು. ಹಿಂದೆಯೇ ಟೀಚರು, ಕಾಲುಸುಟ್ಟ ಬೆಕ್ಕಿನಂತೆ.

ಏಕಾಂತಯ್ಯ ಟೀಚರ ಹಳೆಯ ಶಿಷ್ಯ. ಪಟ್ಟಿಯ ಫೋಟೊ ತೆಗೆದು ಊರಿಗೆಲ್ಲ ಕಳಿಸಬೇಕೆಂದು ಮೊಬೈಲು ಹೊರತೆಗೆದ. ಮೊಬೈಲಿನ ಬೀಗ ತೆಗೆಯಲು ಎರಡು ಕೈಯೂ ಬೇಕಾದ್ದರಿಂದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ.

“ಏಕಾಂತಯ್ಯ, ಬೇಡಪ್ಪ, ಬಾಯಿಂದ ತೆಗಿ,” ಎಂದು ಟೀಚರು ಕೈ ಚಾಚಿದರು.

“ಏನಾಗಲ್ಲ ಬಿಡಿ ಟೀಚರಮ್ಮ. ಊರಿಗೋಸ್ಕರ ಅಲ್ವಾ,” ಎಂದ, ಹಲ್ಲು ಸಡಿಲಿಸದೆ.

ಬೆಳಗಿನ ಬಸ್ಸು ಹೋಯಿತು. ಬಾವಿಯ ಹಗ್ಗ ಬಿಚ್ಚಿದರು, ಬಾಯಿಗೆ ತಗಡು ಮುಚ್ಚಿ ಕಲ್ಲು ಹೇರಿದರು. ಬಸದಿಯ ಪುರೋಹಿತ ಧರಣೇಶ್, ಅಭಿಷೇಕಕ್ಕೆ ಸೇದಿಟ್ಟ ನೀರನ್ನು ನೋಡುತ್ತ ಕಣ್ಣೀರಿಟ್ಟರು. ಇಂಥ ನೀರಿನಿಂದ ಅಭಿಷೇಕ ಮಾಡಿದ ಪಾಪಕ್ಕೆ ತಾನು ಉಪವಾಸವಿರುವೆನೆಂದರು. ಊರಿನವರು ಹಳೇಬೀಡಿನಿಂದ ಕ್ಯಾನ್ ತರಿಸಿಕೊಂಡು ಕುಡಿದರು. ಕುಡಿಯಲಾಗದೆ ಉಳಿದದ್ದು ಟೀಚರು ಒಬ್ಬರೇ.

ಮಧ್ಯಾಹ್ನದ ಬಿಸಿಲಿಗೆ ನಾಲಿಗೆ ಅಂಗುಳಿಗೆ ಅಂಟಿತು. ಉರಿ ಹೊಟ್ಟೆಯಿಂದ ಬೆನ್ನಿಗೆ ಏರತೊಡಗಿತು. ತಪ್ಪು ಮಾಡಿದ ಮಕ್ಕಳನ್ನು ತರಗತಿಯ ಮುಂದೆ ನಿಲ್ಲಿಸಿ ನಿಜ ಹೇಳಿಸುತ್ತಿದ್ದ ದಿನಗಳು ಅವರಿಗೆ ನೆನಪಾದವು. ಆ ಮಕ್ಕಳ ಕಾಲು ಏಕೆ ನಡುಗುತ್ತಿತ್ತೆಂದು ಇಂದು ತಿಳಿಯಿತು. ಇಳಿಹೊತ್ತಿಗೆ ಅವರು ಸೆರಗು ಬಿಗಿಮಾಡಿಕೊಂಡು ಬಾವಿಕಟ್ಟೆಗೆ ಬಂದು, ನೆರೆದ ಜನರೆದುರು ನಿಂತರು.

“ಬಾವಿ ನೀರಲ್ಲಿ ದೋಷ ಇಲ್ಲ. ನಾನು ಸುಳ್ಳು ಹೇಳಿದೆ. ನನಗೆ ಮೂತ್ರದಲ್ಲಿ ಉರಿ ಇದೆ. ಆ ಪಟ್ಟಿ ನನ್ನ ಮೂತ್ರದಲ್ಲಿ ಅದ್ದಿದ್ದು. ತಗಡು ತೆಗೀರಿ, ನನಗೆ ಒಂದು ಲೋಟ ನೀರು ಬೇಕು.”

ಏಕಾಂತಯ್ಯನ ಮುಖ ಹುಳಿ ಬಿದ್ದ ಹಾಲಿನಂತೆ ಒಡೆಯಿತು. ಟವೆಲಿನಿಂದ ತುಟಿ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ.

“ಆಗಲ್ಲ,” ಎಂದ. “ಅದು ಬಾವಿ ನೀರೇ. ಉಪ್ಪುಪ್ಪು ಇತ್ತು, ನನ್ ನಾಲಿಗೆಗೇ ಗೊತ್ತಾಗೈತೆ. ಚರಂಡಿ ಸೇರೈತೆ.”

ಟೀಚರು ಪಟ್ಟಿಗಳ ಡಬ್ಬಿಯನ್ನೇ ತೋರಿಸಿದರು. ಅದರ ಮೇಲಿನ ಇಂಗ್ಲಿಷನ್ನು ಏಕಾಂತಯ್ಯ ಅವಸರದಿಂದ ಓದಿ, ‘ವಾಟರ್ ಟೆಸ್ಟ್ ಅಂತ್ಲೇ ಬರ್ದೈತೆ’ ಎಂದು ಸಾರಿ, ಬೇರೆಯವರ ಕಣ್ಣಿಗೆ ಬೀಳದಂತೆ ಜೇಬಿಗೆ ಸೇರಿಸಿದ.

ಧರಣೇಶ್ ಕೈಮುಗಿದರು. “ಬಸದಿಯ ಮಾನ ಉಳಿಸೋದಕ್ಕೆ ನಿಮ್ಮ ಮಾನಾನೇ ಒತ್ತೆ ಇಟ್ರಲ್ಲ ತಾಯಿ. ಇಂಥ ಮಾತನ್ನ ಬಾಯಲ್ಲಿ ತಂದ್ಕೊಂಡ್ರಲ್ಲ. ನಿಮ್ಮ ಈ ತ್ಯಾಗಕ್ಕೆ ನಾನು ಯೋಗ್ಯನಲ್ಲ.”

ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಾವಿಯ ನೀರನ್ನು ಬೇಲೂರಿಗೆ ಪರೀಕ್ಷೆಗೆ ಕಳಿಸಿ, ವರದಿ ಬರುವವರೆಗೆ ತಗಡು ಕದಲಬಾರದೆಂದು ತೀರ್ಮಾನವಾಯಿತು. ಒಂದು ಸುಳ್ಳನ್ನು ಊರು ಬೆಳಗಿನ ಬಸ್ಸು ಹೋಗುವಷ್ಟರಲ್ಲಿ ನಂಬಿತು. ಆಯುಷ್ಯವಿಡೀ ಸತ್ಯ ಕಲಿಸಿದವರ ಸತ್ಯವನ್ನು ಸಂಜೆಯಾದರೂ ನಂಬಲಿಲ್ಲ.

ಕಾಂತಮ್ಮ ಟೀಚರ ತೋಳು ಹಿಡಿದು ಮನೆಗೆ ಕರೆತಂದಳು. ಜಗಲಿಯ ಮೇಲೆ ಕೂರಿಸಿ, ಕ್ಯಾನಿನ ನೀರು ತುಂಬಿದ ಲೋಟವನ್ನು ಮುಂದಿಟ್ಟಳು. ಟೀಚರು ಅದನ್ನು ಮುಟ್ಟಲಿಲ್ಲ. ಕೆರೆಯ ಆಚೆ ಸೂರ್ಯ ಮುಳುಗುತ್ತಿದ್ದ.

“ನೀನಾದ್ರೂ ನಂಬು ಕಾಂತಮ್ಮ,” ಎಂದರು ಟೀಚರು. ದನಿ ಒಣಗಿಹೋಗಿತ್ತು.

ಕಾಂತಮ್ಮ ಅತ್ತಿತ್ತ ನೋಡಿ, ಪಕ್ಕಕ್ಕೆ ಸರಿದು ಕೂತು, ಮಗುವನ್ನು ಸಮಾಧಾನ ಮಾಡುವಂತೆ ಅವರ ಕೈ ಸವರಿದಳು.

“ಸುಮ್ಕಿರಿ ಟೀಚರಮ್ಮ. ನಿಮಗೆ ಸುಳ್ಳು ಹೇಳಕ್ಕೆ ಬರಲ್ಲ. ಅಂಥ ಉರಿ ನಿಜವಾಗ್ಲೂ ಇರೋ ಹೆಂಗಸು ಯಾರಾದ್ರೂ ಬಾಯಿ ಬಿಟ್ಟು ಹೇಳ್ತಾಳಾ? ಯುಗಾದಿಯಿಂದ ನಂಗೈತೆ. ನಾನ್ ಯಾರಿಗಾದ್ರೂ ಹೇಳಿದೀನಾ?”